ಭಾವನೆಯ ಮೇಲಿನ ಅಪವಾದ

ಚುನಾವಣೆ ಹತ್ತಿರ ಬಂತೆಂದರೆ ಸಂಪಾದಕೀಯಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ, ಕಾಲೇಜುಗಳ ವಿಚಾರ ಸಂಕಿರಣಗಳಲ್ಲಿ ಒಂದೇ ಬುದ್ಧಿವಾದ ಕೇಳಿಬರುತ್ತದೆ. ಭಾವನಾತ್ಮಕ ವಿಷಯಗಳಿಗೆ ಮರುಳಾಗಬೇಡಿ, ಅಂಕಿ ಅಂಶ ನೋಡಿ, ತಣ್ಣಗೆ ಯೋಚಿಸಿ ಮತ ಹಾಕಿ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಈ ಬುದ್ಧಿವಾದದ ಬುಡದಲ್ಲಿ ಒಂದು ನಂಬಿಕೆ ಕೂತಿದೆ: ರಾಜಕೀಯ ಭಾಷಣದಲ್ಲಿ ತರ್ಕವೆಂಬುದು ಸಭ್ಯರ ದಾರಿ, ಭಾವನೆಯೆಂಬುದು ಕಳ್ಳದಾರಿ, ಭಾಷಣಕಾರನ ಮೇಲಿನ ವಿಶ್ವಾಸ ಇವೆರಡರ ನಡುವೆ ಎಲ್ಲೋ ಇರುವಂಥದ್ದು. ಭಾಷಣ ಕಲೆಯ ಪಾಠಗಳಲ್ಲೂ ಇದೇ ವಿಂಗಡಣೆ. ವಿದ್ಯಾರ್ಥಿಯ ಕೈಗೆ ಒಂದು ಭಾಷಣ ಕೊಟ್ಟು, ಇದು ತರ್ಕ, ಇದು ಭಾವನೆ, ಇದು ವಿಶ್ವಾಸಾರ್ಹತೆ ಎಂದು ಸಾಲುಸಾಲಾಗಿ ಗುರುತು ಹಾಕಿಸುತ್ತಾರೆ. ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಕಳೆದ ನೂರು ವರ್ಷಗಳ ದೊಡ್ಡ ಭಾಷಣಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರು ಯಾರೂ ಇದನ್ನು ಒಪ್ಪಲಾರರು ಎಂದೇ ನನಗನಿಸುತ್ತದೆ.

ಭಾವನೆಯ ಆರ್ಭಟ ಒಂದಿಷ್ಟೂ ಇಲ್ಲದೆ, ಪುರಾವೆಯ ಮೇಲೆ ಪುರಾವೆ ಪೇರಿಸಿ ಮಾಡಿದ ಒಂದು ಭಾಷಣ ನೋಡೋಣ. 2003ರ ಫೆಬ್ರುವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಇರಾಕ್ ನಿಷೇಧಿತ ಅಸ್ತ್ರಗಳನ್ನು ಬಚ್ಚಿಟ್ಟಿದೆ ಎಂದು ಸಾಧಿಸಲು ಒಂದು ಗಂಟೆಗೂ ಮೀರಿ ಮಾತನಾಡಿದರು. ಕೂಗಾಟವಿಲ್ಲ, ಗದ್ಗದ ಕಂಠವಿಲ್ಲ. ಇರಾಕಿನ ಸೇನಾಧಿಕಾರಿಗಳ ಫೋನ್ ಮಾತುಕತೆ ಎಂದು ಧ್ವನಿಮುದ್ರಣ ಕೇಳಿಸಿದರು. ಉಪಗ್ರಹ ಚಿತ್ರಗಳನ್ನು ಪರದೆಯ ಮೇಲೆ ಮೂಡಿಸಿ ಬಂಕರ್ ಯಾವುದು, ಟ್ರಕ್ ಯಾವುದು ಎಂದು ವಿವರಿಸಿದರು. ಚಲಿಸುವ ವಾಹನಗಳಲ್ಲೇ ಜೈವಿಕ ಅಸ್ತ್ರ ತಯಾರಿಸುವ ಪ್ರಯೋಗಾಲಯಗಳಿವೆ ಎಂದು ಅವುಗಳ ನಕ್ಷೆ ತೋರಿಸಿದರು. ಅಲ್ಯೂಮಿನಿಯಂ ಕೊಳವೆಗಳ ಪ್ರಸ್ತಾಪ ಬಂದಾಗ, ಇವು ಅಣ್ವಸ್ತ್ರಕ್ಕೇ ತರಿಸಿದವೇ ಎಂಬ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯ ಇದೆ ಎಂಬುದನ್ನೂ ತಾವೇ ಹೇಳಿದರು. ಎದುರು ಪಕ್ಷದ ವಾದವನ್ನು ತಾನೇ ಮುಂದಿಡುವವನನ್ನು ನಾವು ಬೇಗ ನಂಬುತ್ತೇವೆ. ಅವರ ಬೆನ್ನ ಹಿಂದೆ ಕಾಣುವ ಹಾಗೆ ಸಿಐಎ ಮುಖ್ಯಸ್ಥ ಜಾರ್ಜ್ ಟೆನೆಟ್ ಕುಳಿತಿದ್ದರು.

ಅದರಲ್ಲಿ ಒಂದು ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಪೊವೆಲ್ ಪುಟ್ಟದೊಂದು ಗಾಜಿನ ಸೀಸೆಯನ್ನು ಎರಡು ಬೆರಳ ನಡುವೆ ಎತ್ತಿ ಹಿಡಿದರು. ಒಳಗೆ ಬಿಳಿ ಪುಡಿ. ಒಂದು ಚಮಚೆಯಷ್ಟೂ ಇಲ್ಲದ ಆಂಥ್ರಾಕ್ಸ್ ಪುಡಿ ಲಕೋಟೆಯಲ್ಲಿ ಬಂದು 2001ರಲ್ಲಿ ಅಮೆರಿಕದ ಸೆನೆಟ್ಟನ್ನೇ ಮುಚ್ಚಿಸಿತ್ತು ಎಂದು ನೆನಪಿಸಿದರು. ಇದನ್ನು ಯಾವ ಖಾನೆಗೆ ಹಾಕುವುದು? ಅದು ಪ್ರಮಾಣ ಎಷ್ಟೆಂದು ತೋರಿಸುವ ಲೆಕ್ಕ, ಆದ್ದರಿಂದ ತರ್ಕ. ನೋಡಿದವರ ಬೆನ್ನುಹುರಿಯಲ್ಲಿ ಚಳಿ ಹುಟ್ಟಿಸಿತು, ಆದ್ದರಿಂದ ಭಾವನೆ. ಅದನ್ನು ಎತ್ತಿ ಹಿಡಿದ ಕೈ 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷರಾಗಿದ್ದವರದ್ದು, ಯುದ್ಧಕ್ಕೆ ಆತುರಪಡುವವರಲ್ಲ ಎಂದು ಹೆಸರಾಗಿದ್ದವರದ್ದು. ಆದ್ದರಿಂದ ವಿಶ್ವಾಸಾರ್ಹತೆ. ಮೂರೂ ಒಂದೇ ಸೀಸೆಯಲ್ಲಿದ್ದವು.

ಅಮೆರಿಕದ ಪತ್ರಿಕೆಗಳು ಬಹುಪಾಲು ಆ ಭಾಷಣವನ್ನು ಒಪ್ಪಿಕೊಂಡವು. ಮಾರ್ಚ್ 20ರಂದು ಯುದ್ಧ ಶುರುವಾಯಿತು. 2004ರ ಹೊತ್ತಿಗೆ ಅಮೆರಿಕವೇ ನೇಮಿಸಿದ ಶೋಧ ತಂಡ ಅಂಥ ಅಸ್ತ್ರಗಳ ದಾಸ್ತಾನು ಇರಾಕಿನಲ್ಲಿ ಇರಲೇ ಇಲ್ಲ ಎಂಬ ತೀರ್ಮಾನಕ್ಕೆ ಬಂತು. ಸಂಚಾರಿ ಪ್ರಯೋಗಾಲಯಗಳ ಕಥೆಗೆ ಮುಖ್ಯ ಆಧಾರವಾಗಿದ್ದವನು ಜರ್ಮನಿಯ ಗುಪ್ತಚರರ ಮುಂದೆ ಹೇಳಿಕೆ ಕೊಟ್ಟಿದ್ದ ಇರಾಕಿನ ನಿರಾಶ್ರಿತ. ತಾನು ಹೇಳಿದ್ದು ಸುಳ್ಳು ಎಂದು 2011ರಲ್ಲಿ ಅವನೇ ಒಪ್ಪಿಕೊಂಡ. ಆ ಭಾಷಣ ತಮ್ಮ ಬದುಕಿನ ಮೇಲೆ ಉಳಿದ ಕಲೆ ಎಂದು ಪೊವೆಲ್ 2005ರಲ್ಲೇ ಹೇಳಿದ್ದರು. ‘ಅಂಕಿ ಅಂಶ ನೋಡಿ, ತಣ್ಣಗೆ ಯೋಚಿಸಿ’ ಎಂಬ ಬುದ್ಧಿವಾದವನ್ನು ಅಕ್ಷರಶಃ ಪಾಲಿಸಿದವರೇ ಆ ದಿನ ಹೆಚ್ಚು ಮೋಸಹೋದರು. ಅದೇ ಭದ್ರತಾ ಮಂಡಳಿಯಲ್ಲಿ ಫೆಬ್ರುವರಿ 14ರಂದು ಫ್ರಾನ್ಸಿನ ವಿದೇಶಾಂಗ ಸಚಿವ ದೊಮಿನಿಕ್ ದ ವಿಲ್ಪಾಂ ಮಾತನಾಡಿದರು. ಯುದ್ಧ, ಪರಕೀಯರ ಆಕ್ರಮಣ ಎಲ್ಲವನ್ನೂ ಉಂಡ ಹಳೆಯ ದೇಶವೊಂದರ ಪರವಾಗಿ ಮಾತನಾಡುತ್ತಿದ್ದೇನೆ ಎಂದು ಮಾತು ಮುಗಿಸಿದಾಗ, ಚಪ್ಪಾಳೆಯ ರೂಢಿಯಿಲ್ಲದ ಆ ಸಭಾಂಗಣದಲ್ಲಿ ಚಪ್ಪಾಳೆ ಕೇಳಿಬಂತು. ಅದು ಭಾವನೆಯ ಮಾತೇ. ಇರಾಕಿನಲ್ಲಿ ಅಸ್ತ್ರ ಹುಡುಕುತ್ತಿದ್ದ ವಿಶ್ವಸಂಸ್ಥೆಯ ತನಿಖಾಧಿಕಾರಿಗಳಿಗೆ ಇನ್ನಷ್ಟು ಕಾಲ ಕೊಡಿ ಎಂಬ ಅವರ ಬೇಡಿಕೆ ಸರಿಯಾಗಿತ್ತು ಎಂದು ಮುಂದಿನ ಘಟನೆಗಳು ತೋರಿಸಿಕೊಟ್ಟವು.

ಈಗ ನಮ್ಮದೇ ಒಂದು ಭಾಷಣಕ್ಕೆ ಬರುತ್ತೇನೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಿ.ಆರ್. ಅಂಬೇಡ್ಕರ್ ಮಾಡಿದ ಭಾಷಣವನ್ನು ಸಾಮಾನ್ಯವಾಗಿ ಶುದ್ಧ ತರ್ಕದ ಮಾದರಿ ಎಂದು ಹೊಗಳುತ್ತಾರೆ. 1947ರ ಆಗಸ್ಟ್ ನಡುರಾತ್ರಿಯ ನೆಹರೂ ಭಾಷಣ ಕಾವ್ಯ, ಅಂಬೇಡ್ಕರರದ್ದು ಕಾನೂನು ಎಂಬ ಹೋಲಿಕೆಯಂತೂ ಸಲೀಸಾಗಿ ಬರುತ್ತದೆ. ಹೊಗಳಿಕೆಯ ಧಾಟಿಯಲ್ಲಿದ್ದರೂ ಇದು ಆ ಭಾಷಣವನ್ನು ಅರ್ಧ ಮಾತ್ರ ಓದಿದವರ ಮಾತು.

ಅದು ಶುರುವಾಗುವುದೇ ಲೆಕ್ಕದಿಂದ. ಸಭೆ 1946ರ ಡಿಸೆಂಬರ್ 9ರಂದು ಮೊದಲು ಸೇರಿ ಅಲ್ಲಿಗೆ ಎರಡು ವರ್ಷ 11 ತಿಂಗಳು 17 ದಿನ. ಕರಡು ಸಮಿತಿ ಕುಳಿತದ್ದು 141 ದಿನ. ಬಂದ ತಿದ್ದುಪಡಿಗಳು ಸುಮಾರು 7,635, ಸದನದಲ್ಲಿ ಮಂಡನೆಯಾದವು 2,473. ಇಷ್ಟು ಲೆಕ್ಕ ಏಕೆ? ದೇಶ ಹೊತ್ತಿ ಉರಿಯುತ್ತಿದ್ದಾಗ ಇವರು ಕಾಲಹರಣ ಮಾಡಿದರು, ಸಾರ್ವಜನಿಕರ ದುಡ್ಡು ದಂಡ ಮಾಡಿದರು ಎಂಬ ಆಪಾದನೆ ಹೊರಗೆ ಹಬ್ಬಿತ್ತು. ಅದಕ್ಕೆ ಅಂಬೇಡ್ಕರ್ ಕೊಟ್ಟ ಉತ್ತರ ಹೀಗೆ: ಅಮೆರಿಕದವರು ನಾಲ್ಕು ತಿಂಗಳಲ್ಲಿ ಮುಗಿಸಿದರು, ಆದರೆ ಅವರ ಸಂವಿಧಾನದಲ್ಲಿದ್ದದ್ದು ಏಳು ವಿಧಿ, ಕೆನಡಾದ್ದು 147, ಆಸ್ಟ್ರೇಲಿಯಾದ್ದು 128, ಅದಕ್ಕೆ ಅವರು ಒಂಬತ್ತು ವರ್ಷ ತೆಗೆದುಕೊಂಡರು, ನಮ್ಮದು 395. ತಿದ್ದುಪಡಿಗಳ ಹೊರೆ ನಮ್ಮ ಹಾಗೆ ಅವರಿಗಿರಲಿಲ್ಲ. ಮೇಲ್ನೋಟಕ್ಕೆ ಇದು ಗುಮಾಸ್ತನ ವರದಿ. ಆದರೆ ಕೆಣಕಿದವರ ಮೇಲೆ ಕೋಪಗೊಳ್ಳಲು ಹಕ್ಕಿದ್ದ ಮನುಷ್ಯ ಲೆಕ್ಕದ ಪುಸ್ತಕ ತೆರೆದು ಕೂತಾಗ ಕೇಳುವವರ ಮನಸ್ಸಿನಲ್ಲಿ ಗೌರವ ಹುಟ್ಟುತ್ತದೆ. ಅಲ್ಲಿ ಸಂಖ್ಯೆಗಳೇ ಭಾವನೆಯ ಕೆಲಸವನ್ನೂ ಮಾಡಿವೆ.

ಮುಂದಿನದು ಕೃತಜ್ಞತೆಯ ಭಾಗ. ತನಗೆ ಸಲ್ಲಿಸುತ್ತಿರುವ ಶ್ರೇಯಸ್ಸು ತನ್ನದಲ್ಲ ಎಂದು ಅದನ್ನು ಹಂಚುತ್ತಾ ಹೋಗುತ್ತಾರೆ. ಮೊದಲ ಕರಡು ಸಿದ್ಧಪಡಿಸಿಕೊಟ್ಟ ಬಿ.ಎನ್. ರಾವ್‌ಗೆ ಒಂದು ಪಾಲು. ಮಂಗಳೂರಿನಲ್ಲಿ ಹುಟ್ಟಿದ ಈ ಬೆನಗಲ್ ನರಸಿಂಗ ರಾವ್ ಸಭೆಯ ಸದಸ್ಯರೂ ಆಗಿರಲಿಲ್ಲ. ಎಂಥ ತೊಡಕಿನ ಪ್ರಸ್ತಾಪವನ್ನೂ ಸರಳ ಕಾನೂನಿನ ಭಾಷೆಗೆ ಇಳಿಸುತ್ತಿದ್ದ ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿಗೆ ಇನ್ನೊಂದು ಪಾಲು. ಬದುಕಿನುದ್ದಕ್ಕೂ ತಾನು ಎದುರಿಸಿದ್ದ ಕಾಂಗ್ರೆಸ್ಸಿನ ಶಿಸ್ತಿಗೂ ಒಂದು ಪಾಲು. ಕೊನೆಗೆ ತನ್ನ ಕರಡಿಗೆ ಅಡಿಗಡಿಗೆ ಅಡ್ಡಬಂದ ಎಚ್.ವಿ. ಕಾಮತ್, ಕೆ.ಟಿ. ಷಾ, ಹೃದಯನಾಥ ಕುಂಜ್ರು ಮೊದಲಾದವರಿಗೂ. ಅವರು ಇಲ್ಲದಿದ್ದರೆ ಸಭೆ ಬರೀ ತಲೆಯಾಡಿಸುವವರ ಕೂಟವಾಗುತ್ತಿತ್ತು ಎಂಬುದು ಅವರ ಮಾತಿನ ತಾತ್ಪರ್ಯ. ಇದರ ತೂಕ ತಿಳಿಯಬೇಕಾದರೆ ಒಂದು ವರ್ಷ ಹಿಂದಿನ ಇನ್ನೊಂದು ಭಾಷಣ ನೆನಪಿರಬೇಕು. 1948ರ ನವೆಂಬರ್ 5ರಂದು ಟಿ.ಟಿ. ಕೃಷ್ಣಮಾಚಾರಿ ಅದೇ ಸದನದಲ್ಲಿ, ಕರಡು ಸಮಿತಿಯ ಏಳು ಜನರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಉಳಿದವರಲ್ಲಿ ಕೆಲವರು ಬೇರೆ ಕೆಲಸ, ದೂರ, ಆರೋಗ್ಯ ಎಂದು ಬರಲಾಗಲಿಲ್ಲ, ಕಡೆಗೆ ಹೊರೆಯೆಲ್ಲ ಅಂಬೇಡ್ಕರರ ಹೆಗಲಿಗೆ ಬಿತ್ತು ಎಂದು ಬಿಡಿಸಿ ಹೇಳಿದ್ದರು. ಹೊತ್ತವರು ಯಾರೆಂದು ಸದನಕ್ಕೆ ಗೊತ್ತಿತ್ತು. ಹೊತ್ತವರು ಆ ಮಾತೆತ್ತಲಿಲ್ಲ.

ಆಮೇಲೆ ಬರುವುದು ಎಚ್ಚರಿಕೆಯ ಭಾಗ. 1950ರ ಜನವರಿ 26ರಂದು ನಾವು ವೈರುಧ್ಯದ ಬದುಕಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಎಲ್ಲರಿಗೂ ಒಂದೇ ಮತ, ಒಂದೇ ಬೆಲೆ. ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಆ ಸಮಾನತೆ ಇಲ್ಲ. ಈ ವೈರುಧ್ಯವನ್ನು ಬೇಗ ನೀಗದಿದ್ದರೆ ನೊಂದವರು ಈ ಸಭೆ ಶ್ರಮಪಟ್ಟು ಕಟ್ಟಿದ ಕಟ್ಟಡವನ್ನೇ ಉಡಾಯಿಸುತ್ತಾರೆ ಎಂದರು. ಬಿಡಿಸಿ ನೋಡಿದರೆ ಇದು ಎರಡು ಆಧಾರವಾಕ್ಯ, ಒಂದು ನಿಗಮನ. ತರ್ಕಶಾಸ್ತ್ರದ ತರಗತಿಯಲ್ಲಿ ಹಲಗೆಯ ಮೇಲೆ ಬರೆಯಬಹುದು. ಆದರೂ ಓದಿದಾಗ ಗಂಟಲು ಕಟ್ಟುತ್ತದೆ. ಆ ಭಾವನೆ ತರ್ಕಕ್ಕೆ ಮೇಲಿಂದ ಸುರಿದದ್ದಲ್ಲ. ತರ್ಕ ಕೊನೆಯವರೆಗೆ ನಡೆದದ್ದರಿಂದಲೇ ಹುಟ್ಟಿದ್ದು. ಹೇಳುತ್ತಿರುವವರು ಬಾಲ್ಯದಲ್ಲಿ ಶಾಲೆಯ ನೀರು ಮುಟ್ಟಲೂ ಅನುಮತಿಯಿಲ್ಲದೆ ಬೆಳೆದವರು, 1927ರಲ್ಲಿ ಮಹಾಡಿನ ಕೆರೆಯ ನೀರಿಗಾಗಿ ಸತ್ಯಾಗ್ರಹ ನಡೆಸಿದವರು. ಅದೊಂದನ್ನೂ ಅವರು ಅಲ್ಲಿ ಹೇಳಲಿಲ್ಲ. ಹೇಳಿದ್ದರೆ ಸದನ ಕಣ್ಣೀರು ಹಾಕಿ ಮರೆತುಬಿಡುತ್ತಿತ್ತೋ ಏನೋ. ಇನ್ನು ಮುಂದೆ ಸತ್ಯಾಗ್ರಹ, ಕಾನೂನುಭಂಗದ ದಾರಿಯನ್ನೂ ಬಿಡಬೇಕು ಎಂದು ಅದೇ ಭಾಷಣದಲ್ಲಿ ಹೇಳಿದರಲ್ಲ, ಆ ಮಾತನ್ನು ಒಪ್ಪುವುದು ನನಗೆ ಕಷ್ಟ. ಆದರೆ ಮಹಾಡಿನ ಸತ್ಯಾಗ್ರಹಿಯ ಬಾಯಿಂದ ಬಂದದ್ದಾದ್ದರಿಂದ ತಳ್ಳಿಹಾಕುವುದು ಇನ್ನೂ ಕಷ್ಟ.

ಇದೇ ಭಾಷಣದಲ್ಲಿ ಒಂದು ಸಡಿಲ ಜಾಗವಿದೆ. ಭಾರತ ಸ್ವಾತಂತ್ರ್ಯವನ್ನು ಮತ್ತೆ ಕಳೆದುಕೊಂಡೀತೇ ಎಂಬ ಆತಂಕಕ್ಕೆ ಇತಿಹಾಸದಿಂದ ಸಾಕ್ಷಿಗಳ ಸಾಲನ್ನೇ ಕೊಡುತ್ತಾರೆ. ಸಿಂಧಿನ ದಾಹಿರನ ಸೇನಾಪತಿಗಳು ಲಂಚ ತಿಂದರು, ಜಯಚಂದ್ರ ಘೋರಿಯನ್ನು ಕರೆಸಿದ, ಹೀಗೆ. ಜಯಚಂದ್ರನ ಕಥೆಗೆ ಸಮಕಾಲೀನ ಆಧಾರವಿಲ್ಲ. ಆತ ಘೋರಿಯ ಸೇನೆಯ ವಿರುದ್ಧವೇ ಕಾದಾಡಿ 1194ರಲ್ಲಿ ಚಂದಾವರದಲ್ಲಿ ಸತ್ತವನು. ಅವನನ್ನು ದ್ರೋಹಿಯಾಗಿಸಿದ್ದು ಆಮೇಲಿನ ಚಾರಣ ಪರಂಪರೆ. ಅಂದರೆ ಇಡೀ ಭಾಷಣದಲ್ಲಿ ಪುರಾವೆಯ ಪಟ್ಟಿಯಂತೆ ಕಾಣುವ ಭಾಗವೇ ಹೆಚ್ಚು ದುರ್ಬಲ, ಭಾವನಾತ್ಮಕ ಎನಿಸುವ ವೈರುಧ್ಯದ ಭಾಗವೇ ಹೆಚ್ಚು ಗಟ್ಟಿ. ಖಾನೆಗಳನ್ನು ನಂಬಿ ಓದುವವರಿಗೆ ಇದು ಕಾಣುವುದೇ ಇಲ್ಲ.

ಈ ಮೂರು ಖಾನೆಗಳಿಗೆ ಎಲ್ಲರೂ ಅರಿಸ್ಟಾಟಲ್‌ನ ಹೆಸರು ಹೇಳುತ್ತಾರೆ. ಆದರೆ ಭಾಷಣ ಕಲೆಯ ಬಗೆಗಿನ ಅವನ ಗ್ರಂಥದ ಎರಡನೆಯ ಭಾಗವನ್ನು ಓದಿದರೆ ಅವನು ಭಾವನೆಯನ್ನು ತೀರ್ಪಿನಿಂದ ಬೇರ್ಪಡಿಸಿಯೇ ಇಲ್ಲ ಎಂಬುದು ಗೊತ್ತಾಗುತ್ತದೆ. ಕೋಪವೆಂದರೆ ಅವನ ಲೆಕ್ಕದಲ್ಲಿ ಬರೀ ರಕ್ತದ ಕುದಿತವಲ್ಲ. ತನಗೆ ಸಲ್ಲದ ಅವಮಾನ ಆಗಿದೆ ಎಂಬ ತಿಳಿವಳಿಕೆ ಅದರೊಳಗಿದೆ. ತಿಳಿವಳಿಕೆ ಎಂದ ಮೇಲೆ ಅದು ಸರಿಯೂ ಇರಬಹುದು, ತಪ್ಪೂ ಇರಬಹುದು, ಪರೀಕ್ಷೆಗಂತೂ ಸಿಗುತ್ತದೆ.

1951ರ ಕಾಗೋಡು ಸತ್ಯಾಗ್ರಹವನ್ನೇ ನೋಡಿ. ಸಾಗರ ತಾಲ್ಲೂಕಿನ ಆ ಊರಿನಲ್ಲಿ ಗೇಣಿದಾರರ ಸಿಟ್ಟು ಕಟ್ಟೆಯೊಡೆದದ್ದು ಕೊಳಗದ ವಿಷಯಕ್ಕೆ. ಗೇಣಿಯ ಭತ್ತ ಅಳೆದುಕೊಳ್ಳಲು ಒಡೆಯರು ಬಳಸುತ್ತಿದ್ದ ಕೊಳಗ ಸರ್ಕಾರದ ಅಳತೆಗಿಂತ ದೊಡ್ಡದಿತ್ತು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿ ಮಾತುಗಾರರು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊಳಗಕ್ಕೆ ಇಷ್ಟು ಭತ್ತ ಹೆಚ್ಚು, ಖಂಡುಗಕ್ಕೆ ಎಷ್ಟಾಯಿತು, ವರ್ಷಕ್ಕೆ ಎಷ್ಟಾಯಿತು ಎಂಬುದು ಅಪ್ಪಟ ಗಣಿತ. ಆ ಗಣಿತ ಅರ್ಥವಾದ ರೈತನಿಗೆ ಸಿಟ್ಟು ಬರಲಿಲ್ಲವೆಂದರೆ ಅವನಿಗೆ ಗಣಿತ ಅರ್ಥವಾಗಿಲ್ಲ ಎಂದೇ ಹೇಳಬೇಕು. ಆ ಹೊತ್ತಿನಲ್ಲಿ ವೇದಿಕೆ ಹತ್ತಿ ಭಾವನೆಗೆ ಒಳಗಾಗಬೇಡಿ ಎನ್ನುವವನು ಯಾರ ಪರ ಎಂಬುದನ್ನು ಊರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ದೊಡ್ಡ ಆಕ್ಷೇಪ ಏಳುತ್ತದೆ, ಅದನ್ನು ದಾಟಿ ಹೋಗಲಾಗದು. ದ್ವೇಷದ ಭಾಷಣಗಳ ಕಥೆಯೇನು? ಜನರನ್ನು ಕೊಲೆಗೆ ಹಚ್ಚಿದ್ದು ಭಾವನೆಯಲ್ಲದೆ ಮತ್ತೇನು? ರುವಾಂಡಾದ ಆಳುವ ಪಕ್ಷದ ನಾಯಕ ಲಿಯೋನ್ ಮುಗೆಸೆರಾ 1992ರ ನವೆಂಬರ್ 22ರಂದು ಕಬಾಯಾದಲ್ಲಿ ಮಾಡಿದ ಭಾಷಣ ಇದಕ್ಕೆ ಕುಖ್ಯಾತ ನಿದರ್ಶನ. ಟುಟ್ಸಿ ಜನಾಂಗದವರನ್ನು ನ್ಯಾಬರೊಂಗೊ ನದಿಯ ಮೂಲಕ ಇಥಿಯೋಪಿಯಾಕ್ಕೆ ವಾಪಸು ಕಳಿಸುತ್ತೇವೆ ಎಂದು ಆತ ಹೇಳಿದ. ಒಂದೂವರೆ ವರ್ಷದೊಳಗೆ ಆ ದೇಶದ ನದಿಗಳಲ್ಲಿ ಹೆಣಗಳು ತೇಲಿದವು. ಕೆನಡಾಕ್ಕೆ ಓಡಿಹೋಗಿದ್ದ ಆತನನ್ನು 2012ರಲ್ಲಿ ಗಡೀಪಾರು ಮಾಡಲಾಯಿತು, 2016ರಲ್ಲಿ ರುವಾಂಡಾದ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಕೆನಡಾದ ಸುಪ್ರೀಂ ಕೋರ್ಟ್ 2005ರ ತನ್ನ ತೀರ್ಪಿನಲ್ಲಿ ಆ ಭಾಷಣವನ್ನು ಪರಿಶೀಲಿಸಿದೆ. ಭಾಷಣದ ಪಠ್ಯ ಓದುತ್ತಾ ನನ್ನನ್ನು ಬೆಚ್ಚಿಬೀಳಿಸಿದ್ದು ಅದರ ವಾದದ ಕಟ್ಟಡ. ಮಕ್ಕಳನ್ನು ಬಂಡುಕೋರ ಸೇನೆಗೆ ಕಳಿಸಿದ ತಂದೆತಾಯಿಗಳ ಮೇಲೆ ಕಾನೂನು ಏಕೆ ಕ್ರಮ ಕೈಗೊಳ್ಳುತ್ತಿಲ್ಲ, ದಂಡ ಸಂಹಿತೆಯಲ್ಲಿ ಇದಕ್ಕೆ ಮರಣದಂಡನೆಯೇ ಇದೆಯಲ್ಲ, ನ್ಯಾಯಾಂಗ ಸುಮ್ಮನಿದ್ದರೆ ಜನರೇ ಆ ಕೆಲಸ ಮಾಡಬೇಕಾಗುತ್ತದೆ ಎಂದು ಒಂದೊಂದೇ ಮೆಟ್ಟಿಲು ಕಟ್ಟುತ್ತಾನೆ.

ಅಲ್ಲಿ ಕೇಳಿದವರ ಎದೆಯಲ್ಲಿ ಹುಟ್ಟಿದ್ದು ಭಯ. ನೆರೆಯವನು ನಿಜವಾಗಿಯೂ ಕತ್ತಿ ಮಸೆಯುತ್ತಿದ್ದರೆ ಭಯಪಡುವುದು ಅವಿವೇಕವಲ್ಲ. ಮಸೆಯುತ್ತಿದ್ದಾನೆ ಎಂಬ ಸಂಗತಿಯೇ ಸುಳ್ಳು, ಒಬ್ಬ ಬಂಡುಕೋರನ ಹೊಣೆಯನ್ನು ಇಡೀ ಜನಾಂಗಕ್ಕೆ ಹೊರಿಸಿದ್ದೇ ಸುಳ್ಳು. ಆ ಸುಳ್ಳನ್ನು ಹಿಡಿಯಬೇಕಾದರೆ ಭಯಪಟ್ಟವನ ಬಳಿ ಹೋಗಿ, ನಿನ್ನ ಭಯಕ್ಕೆ ಆಧಾರವೇನು, ಯಾರು ಹೇಳಿದರು, ಹೇಳಿದವನು ನೋಡಿದನೇ ಎಂದು ಕೇಳಬೇಕು. ಭಯಪಡಬೇಡ, ಅಂಕಿ ಅಂಶ ನೋಡು ಎಂದು ದೂರದಿಂದ ಹೇಳಿದವನ ಮಾತನ್ನು ಅವನು ಕಿವಿಗೂ ಹಾಕಿಕೊಳ್ಳುವುದಿಲ್ಲ. ನಮ್ಮಲ್ಲಿ ಕೋಮುಗಲಭೆಯ ಹಿಂದಿನ ದಿನಗಳಲ್ಲಿ ಆಗುವುದೂ ಇದೇ. ಒಳ್ಳೆಯವರು ಭಾವನೆಯನ್ನು ಮುಟ್ಟದೆ ಮಡಿಯಲ್ಲಿ ನಿಲ್ಲುತ್ತಾರೆ, ಆ ಜಾಗ ಪೂರ್ತಿಯಾಗಿ ಕೆಟ್ಟವರ ಕೈಗೆ ಸಿಗುತ್ತದೆ.

ವಿಶ್ವಾಸಾರ್ಹತೆಯ ವಿಚಾರದಲ್ಲಿ ಅರಿಸ್ಟಾಟಲ್‌ಗಿಂತ ನಮ್ಮ ನ್ಯಾಯಶಾಸ್ತ್ರದವರು ನನಗೆ ಹೆಚ್ಚು ಉಪಯುಕ್ತರೆನಿಸುತ್ತಾರೆ. ಭಾಷಣಕಾರನ ಮೇಲಿನ ನಂಬಿಕೆ ಆ ಭಾಷಣದಿಂದಲೇ ಹುಟ್ಟಬೇಕು, ಮೊದಲೇ ಇದ್ದ ಹೆಸರಿನಿಂದಲ್ಲ ಎಂದು ಅರಿಸ್ಟಾಟಲ್ ಹೇಳುತ್ತಾನೆ. ಪೊವೆಲ್ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತಾರೆ. ಅವರ ಭಾಷಣದೊಳಗೆ ವಿನಯವಿತ್ತು, ಎಚ್ಚರವಿತ್ತು, ಭಿನ್ನಮತದ ಉಲ್ಲೇಖವೂ ಇತ್ತು. ಆಪ್ತನ ಮಾತು ಪ್ರಮಾಣ ಎನ್ನುವ ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಬೇರೆ ಅಳತೆ ಇಡುತ್ತಾನೆ. ವಿಷಯವನ್ನು ನೇರವಾಗಿ ಅರಿತವನು, ಅರಿತದ್ದನ್ನು ಅರಿತ ಹಾಗೆಯೇ ತಿಳಿಸುವ ಇಚ್ಛೆಯಿಂದ ಮಾತನಾಡುವವನು ಆಪ್ತ. ಈ ಲಕ್ಷಣ ಋಷಿಗೂ ಒಂದೇ, ಮ್ಲೇಚ್ಛನಿಗೂ ಒಂದೇ. ಹೇಳುವವನ ಕುಲ, ಪದವಿ, ಎದೆಯ ಮೇಲಿನ ಪದಕಗಳಿಗೆ ಅಲ್ಲಿ ಬೆಲೆಯಿಲ್ಲ. ಈ ಅಳತೆಗೋಲು ಹಿಡಿದರೆ ಪೊವೆಲ್ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತಾರೆ. ಪ್ರಯೋಗಾಲಯದ ಟ್ರಕ್ಕನ್ನು ಅವರು ನೋಡಿರಲಿಲ್ಲ. ನೋಡಿದೆ ಎಂದವನ ಹೇಳಿಕೆ ಜರ್ಮನಿಯ ಗುಪ್ತಚರರ ಮೂಲಕ ಅಮೆರಿಕಕ್ಕೆ ಬಂದಿತ್ತು. ಗ್ರಾಮ ಪಂಚಾಯಿತಿಯ ಕಟ್ಟೆಯಲ್ಲಿ ಸಾಕ್ಷಿಗೆ ಕೇಳುವ ಮೊದಲ ಪ್ರಶ್ನೆ, ‘ನೀ ನೋಡಿದ್ಯಾ, ಯಾರಾದ್ರೂ ಹೇಳಿದ್ದಾ?’, ಜಗತ್ತಿನ ದೊಡ್ಡ ಸಭೆಯಲ್ಲಿ ಕೇಳಬೇಕಾದಷ್ಟು ಗಟ್ಟಿಯಾಗಿ ಕೇಳಲಿಲ್ಲ.

ಇಂದು ಸುದ್ದಿಮನೆಗಳು ಭಾಷಣಗಳ ಸತ್ಯಾಸತ್ಯ ಪರಿಶೀಲನೆ ನಡೆಸುತ್ತವೆ, ಒಳ್ಳೆಯ ಕೆಲಸ. ಆದರೆ ಅವು ಬಹುಮಟ್ಟಿಗೆ ಸಂಖ್ಯೆ ಸರಿಯೇ, ಚಿತ್ರ ಹಳೆಯದೇ ಎಂಬಲ್ಲಿಗೆ ನಿಲ್ಲುತ್ತವೆ. ಭಾಷಣ ಕೇಳಿ ಹೊರಬಂದವನು ಯಾರ ಮೇಲೆ ಕೋಪ ಹೊತ್ತು ಬಂದ, ಆ ಕೋಪಕ್ಕೆ ಭಾಷಣದಲ್ಲಿ ಕೊಟ್ಟ ಕಾರಣ ಆ ಕೋಪದಷ್ಟು ದೊಡ್ಡದಿತ್ತೇ, ತನ್ನ ನಾಯಕನ ಮೇಲೆ ಅವನಿಗಿರುವ ಭರವಸೆ ಪ್ರಶ್ನೆಗೆ ತೆರೆದಿದೆಯೇ ಎಂದು ಕೇಳುವವರು ಕಡಿಮೆ. ಭರವಸೆ ಪ್ರಶ್ನೆಯನ್ನೇ ಒಲ್ಲೆನೆಂದಾಗ ಅದು ಭಕ್ತಿಯಾಗುತ್ತದೆ. ಧರ್ಮದಲ್ಲಿ ಭಕ್ತಿ ಮೋಕ್ಷದ ದಾರಿಯಾಗಬಹುದು, ರಾಜಕಾರಣದಲ್ಲಿ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ಒಯ್ಯುತ್ತದೆ ಎಂದು ಅಂಬೇಡ್ಕರ್ ನವೆಂಬರ್ 25ರ ಆ ಭಾಷಣದಲ್ಲೇ ಎಚ್ಚರಿಸಿದ್ದರು. ಅದೇ ಸದನದಲ್ಲಿ ಅವರಿಗೂ ಹೊಗಳಿಕೆಯ ಸುರಿಮಳೆಯಾಗಿತ್ತು. ಆ ಎಚ್ಚರಿಕೆಯಿಂದ ಅವರು ತಮ್ಮನ್ನು ಹೊರಗಿಡಲಿಲ್ಲ.

ಇಂಥ ಭಾಷಣ ಮಾಡಿದವರು ಗೆದ್ದರೇ? ಇಲ್ಲ. ಹಿಂದೂ ಸಂಹಿತೆ ಮಸೂದೆ ಮೂಲೆಗೆ ಬಿದ್ದಾಗ 1951ರಲ್ಲಿ ಅಂಬೇಡ್ಕರ್ ಸಚಿವ ಸಂಪುಟ ಬಿಟ್ಟರು. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಉತ್ತರ ಮುಂಬಯಿಯಿಂದ ನಿಂತು ಕಾಂಗ್ರೆಸ್ ಅಭ್ಯರ್ಥಿಯ ಎದುರು ಸೋತರು. ಮನವೊಲಿಕೆ ಎಂದರೆ ಮತ ಗಿಟ್ಟಿಸುವುದು ಎಂದುಕೊಂಡವರು ಅದನ್ನು ಸೋತ ಭಾಷಣ ಎನ್ನಬಹುದು. ಆದರೆ ಇವತ್ತು ಮೀಸಲಾತಿಯ ಚರ್ಚೆಯಿರಲಿ, ಕೂಲಿಯ ಹೋರಾಟವಿರಲಿ, ಜಾತಿ ದೌರ್ಜನ್ಯದ ವಿರುದ್ಧದ ಪ್ರತಿಭಟನೆಯಿರಲಿ, ಒಂದು ಮತ ಒಂದು ಬೆಲೆಯ ಆ ವಾದವನ್ನು ಹಿಡಿದೇ ಜನ ಮಾತು ಶುರು ಮಾಡುತ್ತಾರೆ, ಸಿಟ್ಟಿನಿಂದಲೇ ಶುರು ಮಾಡುತ್ತಾರೆ. ಅವರನ್ನು ಎದುರಿಸಬೇಕಾದವರು ಆ ವಾದಕ್ಕೆ ಉತ್ತರ ಕೊಡಬೇಕು. ಸಿಟ್ಟು ಮಾಡಿಕೊಳ್ಳಬೇಡಿ ಎಂಬುದು ಉತ್ತರವಲ್ಲ.